ಕಿವುಡು ಯಂತ್ರ, ಮರೆವಿನ ಪಟ್ಟ

ಕಳೆದ ಬೇಸಿಗೆಯಲ್ಲಿ ನಮ್ಮ ಮನೆಯಲ್ಲೊಂದು ಅನ್ಯಾಯ ನಡೆಯಿತು. ಹಾಸನದ ಕಡೆ ಮೂವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿ, ಈಗ ದೆಹಲಿಯಲ್ಲಿ ನಮ್ಮೊಡನಿರುವ ತಾಯಿಯವರು ತಿಂಗಳ ಹಾಲಿನ ಲೆಕ್ಕವನ್ನು ಇಂದಿಗೂ ಬಾಯಲ್ಲೇ ಒಪ್ಪಿಸುತ್ತಾರೆ. ಅಂಥವರು ಒಂದು ಸಂಜೆ, "ನಂಗೆ ಮರೆವು ಶುರುವಾಯ್ತು ಕಣಪ್ಪ" ಎಂದು ಮಂಕಾಗಿ ಕುಳಿತರು.

ಕಾರಣ, ಮೊಮ್ಮಗ ಪ್ರೀತಿಯಿಂದ ಮೊಬೈಲಿಗೆ ಹಾಕಿಕೊಟ್ಟಿದ್ದ ಮಿದುಳಿನ ತಾಲೀಮಿನ ಆಪ್. ಅದರಲ್ಲಿ ‘ರೆಡ್’ ಎಂಬ ಪದ ಹಸಿರು ಬಣ್ಣದಲ್ಲಿ ಮೂಡುತ್ತದೆ. ಪದವನ್ನು ಓದದೆ ಬಣ್ಣದ ಹೆಸರನ್ನು ಬೇಗ ಹೇಳಬೇಕು. ತಾಯಿಯವರು "ಗ್ರೀನು" ಎಂದರೆ ತಪ್ಪು, "ರೆಡ್ಡು" ಎಂದರೆ ತಪ್ಪು. ವಾರದ ಕೊನೆಗೆ, ನಿಮ್ಮ ವಯಸ್ಸಿನವರಿಗಿಂತ ಹಿಂದಿದ್ದೀರಿ ಎಂಬ ತೀರ್ಪು!

ನಾನು ಗುಮಾಸ್ತ, ಕಡತ ನೋಡದೆ ಷರಾ ಬರೆಯುವವನಲ್ಲ. ಪರೀಕ್ಷೆಗೆ ಕುಳಿತೆ. ಮೈಕಿಗೆ ಅನುಮತಿ ಇತ್ತು. ಆದರೆ ಮಗನ ಬ್ಲೂಟೂತ್ ಇಯರ್‌ಫೋನ್ ಪಕ್ಕದ ಕೋಣೆಯಿಂದಲೇ ಫೋನಿಗೆ ಜೋಡಿಕೊಂಡು ದನಿಯನ್ನು ತಾನೇ ಹಿಡಿಯುತ್ತಿತ್ತು. ಅದನ್ನು ಬಿಡಿಸಿದೆ. ಕಿಟಕಿಯ ಕೂಲರಿನ ಗದ್ದಲವಿತ್ತು, ಅದನ್ನೂ ನಿಲ್ಲಿಸಿದೆ. ಭಾಷೆ ಅಮೆರಿಕನ್ ಇಂಗ್ಲಿಷಿನಲ್ಲಿತ್ತು; ಭಾರತೀಯ ಇಂಗ್ಲಿಷಿಗೆ ಬದಲಿಸಿದೆ. ತಪ್ಪುಗಳು ಅರ್ಧಕ್ಕಿಳಿದವು. ಉಳಿದರ್ಧ? ಅದೇ ಬಣ್ಣಗಳನ್ನು ನಾನು ಹೇಳಿದರೂ ತಪ್ಪು, ದೆಹಲಿಯಲ್ಲೇ ಬೆಳೆದ ಮಗ ಹೇಳಿದರೆ ಸರಿ. ಕೊನೆಗೊಂದು ‘ಉ’ಕಾರ ಸೇರಿಸುವ ನಮ್ಮ ನಾಲಿಗೆಯೇ ಯಂತ್ರದ ಕಣ್ಣಿಗೆ ಮರೆವಾಗಿತ್ತು!

ಬಿ.ಎಸ್ಸಿ. ಪ್ರಾಕ್ಟಿಕಲ್‌ನಲ್ಲಿ ವರ್ನಿಯರ್ ಕ್ಯಾಲಿಪರ್ ಹಿಡಿದವರಿಗೆಲ್ಲ ಗೊತ್ತು: ಮೊದಲು ಉಪಕರಣದ ಶೂನ್ಯದೋಷ ನೋಡಬೇಕು, ಆಮೇಲೆ ಅಳತೆ. ಈ ಬಣ್ಣದ ಪರೀಕ್ಷೆ ಹೊಸದಲ್ಲ. 1935ರಲ್ಲಿ ಜಾನ್ ರಿಡ್ಲಿ ಸ್ಟ್ರೂಪ್ ಪ್ರಕಟಿಸಿದ್ದು. ನೂರು ಬಣ್ಣಗಳನ್ನು ಹೆಸರಿಸಲು ಅವನ ವಿದ್ಯಾರ್ಥಿಗಳಿಗೆ ಸರಾಸರಿ 63 ಸೆಕೆಂಡು ಸಾಕಾಗಿತ್ತು. ಬಣ್ಣಕ್ಕೆ ಒಪ್ಪದ ಪದಗಳು ಅಡ್ಡ ಬಂದಾಗ 110 ಆಯಿತು. ಅಂದರೆ ಒಂದೊಂದು ಬಣ್ಣಕ್ಕೆ ಅರ್ಧ ಸೆಕೆಂಡಿನ ಅಂತರ. ಅಷ್ಟು ಸೂಕ್ಷ್ಮ ಅಳತೆಯಲ್ಲಿ ಇಯರ್‌ಫೋನಿನ ವಿಳಂಬ, ಇಂಟರ್‌ನೆಟ್ಟಿನ ವಿಳಂಬ ಎಲ್ಲವನ್ನೂ ಮುದುಕರ ಲೆಕ್ಕಕ್ಕೆ ಬರೆಯುವುದು ಯಾವ ವಿಜ್ಞಾನ? ಸ್ಟ್ರೂಪನ ಪರೀಕ್ಷೆಯಲ್ಲಿ ಉತ್ತರ ಕೇಳಲು ಎದುರಿಗೆ ಮನುಷ್ಯನಿದ್ದ. ಇಲ್ಲಿ ಯಾರಿದ್ದಾರೆ?

"ಉಚ್ಚಾರ ತಿದ್ದಿಕೊಳ್ಳಿ" ಎನ್ನುವ ಮಹನೀಯರಿದ್ದಾರೆ. ಅವರಿಗೆ ಒಂದು ಮಾತು. 2020ರಲ್ಲಿ ಅಮೆರಿಕದಲ್ಲೇ ಐದು ದೊಡ್ಡ ಕಂಪನಿಗಳ ದನಿ ಗುರುತಿಸುವ ವ್ಯವಸ್ಥೆಗಳನ್ನು ಪರೀಕ್ಷಿಸಿದಾಗ, ಬಿಳಿಯರ ಮಾತಿನಲ್ಲಿ ನೂರಕ್ಕೆ 19 ಪದ ತಪ್ಪಿದರೆ ಕರಿಯರ ಮಾತಿನಲ್ಲಿ 35 ತಪ್ಪಿದವು. ಅವರೂ ಹುಟ್ಟು ಇಂಗ್ಲಿಷರೇ. ದೋಷ ನಾಲಿಗೆಯದಲ್ಲ, ಯಂತ್ರಕ್ಕೆ ಕಿವಿ ಕಲಿಸಿದವರದು.

"ಬರಿಯ ಆಟ, ಬಿಡಿ" ಎನ್ನುವವರೂ ಉಂಟು. ಆಟವಾದರೆ ವಯಸ್ಸಿಗೆ ಹೋಲಿಸಿ ತೀರ್ಪೇಕೆ? ಇದೇ ಬಗೆಯ ಇನ್ನೊಂದು ಆಪ್ ಆದ ಲ್ಯುಮಾಸಿಟಿಯ ಒಡೆಯರು, ವಯಸ್ಸಿನ ಮರೆವನ್ನು ತಡೆಯುತ್ತೇವೆಂದು ತಕ್ಕ ಆಧಾರವಿಲ್ಲದೆ ಸಾರಿದ ಆರೋಪಕ್ಕಾಗಿ 2016ರಲ್ಲಿ ಅಮೆರಿಕದ ವ್ಯಾಪಾರ ಆಯೋಗಕ್ಕೆ 20 ಲಕ್ಷ ಡಾಲರ್ ತೆರಬೇಕಾಯಿತು.

ನನ್ನ ಒತ್ತಾಯ ದೊಡ್ಡದೇನಲ್ಲ. ‘ಕೇಳಿಸಲಿಲ್ಲ’ ಎಂಬುದನ್ನು ‘ತಪ್ಪು’ ಎಂದು ಬರೆಯಬೇಡಿ. ತಾಲೀಮಿಗೆ ಮುನ್ನ ಪ್ರತಿಯೊಬ್ಬರ ದನಿಯನ್ನೂ ಒಮ್ಮೆ ಕೇಳಿ ಒಪ್ಪಿಗೆ ಪಡೆಯಿರಿ. ಕೆಂಪು, ಹಸಿರು, ಹಳದಿ ಎಂದು ಕನ್ನಡದಲ್ಲೇ ಹೇಳಲು ಬಿಡಿ. 2011ರ ಜನಗಣತಿಯಂತೆ ನಾವು 4 ಕೋಟಿ 37 ಲಕ್ಷ ಜನ. ಗಿರಾಕಿಗಳಾಗಿ ಎಣಿಸುವಾಗ ಕಾಣುವ ನಾವು, ಮಾತಾಡಿದಾಗ ಕೇಳಿಸುವುದಿಲ್ಲವೇ?

ನಮ್ಮ ಪಾಲಿನ ಕೆಲಸವೂ ಇದೆ. ಕೇಂದ್ರ ಸರ್ಕಾರದ ಭಾಷಿಣಿ ಯೋಜನೆಯ ‘ಭಾಷಾದಾನ’ಕ್ಕೆ ಯಾರೂ ಕನ್ನಡ ಓದಿ ದನಿ ಕೊಡಬಹುದು. ಸಂಘದ ಹಿರಿಯರು ಒಂದು ಭಾನುವಾರ ಸೇರಿ ಕೊಡಲಿ. ಮಕ್ಕಳೇ, ಅಜ್ಜಿಯ ಕೈಗೆ ಆಪ್ ಕೊಟ್ಟು ಎದ್ದು ಹೋಗಬೇಡಿ, ಪಕ್ಕದಲ್ಲಿ ಕುಳಿತುಕೊಳ್ಳಿ. ನಿಜವಾದ ಅನುಮಾನವಿದ್ದರೆ ವೈದ್ಯರಲ್ಲಿಗೆ ಕರೆದೊಯ್ಯಿರಿ.

ನಮ್ಮ ತಾಯಿಯವರು ಈಗ ಆ ಆಪನ್ನು ಮುಟ್ಟುವುದಿಲ್ಲ. ಕಳೆದ ತಿಂಗಳ ಹಾಲಿನ ಬಿಲ್ಲಿನಲ್ಲಿ ಎರಡು ದಿನ ಹೆಚ್ಚಿಗೆ ಹಿಡಿದಿದ್ದನ್ನು ಹಿಡಿದುಕೊಟ್ಟವರು ಅವರೇ.