ಆಯಿಲ್ ಕುಡಿಯುವ ಹಳೆಯ ಕಾರಿಗೆ ಯಾವ ಆಯಿಲ್?

ಹೊಸಪೇಟೆ: ಹಂಪಿ ನೋಡಲು ಬಂದ ಪ್ರವಾಸಿಗರನ್ನು ಮಧ್ಯಾಹ್ನದ ಬಳಿಕ ದರೋಜಿ ಕರಡಿಧಾಮಕ್ಕೆ ಕರೆದೊಯ್ಯುವ ಬಾಡಿಗೆ ಕಾರುಗಳಲ್ಲಿ, ಸಂಡೂರು, ಕಂಪ್ಲಿ ಮಾರ್ಗಗಳಲ್ಲಿ ನಿತ್ಯ ಸಂಚರಿಸುವ ಸ್ವಂತ ವಾಹನಗಳಲ್ಲಿ ಒಂದೂವರೆ, ಎರಡು ಲಕ್ಷ ಕಿಲೋಮೀಟರ್ ದಾಟಿದವು ಅಪರೂಪವೇನಲ್ಲ. ಇಂತಹ ವಾಹನಗಳ ಮಾಲೀಕರನ್ನು ಸಾಮಾನ್ಯವಾಗಿ ಕಾಡುವ ದೂರು ಒಂದು: ‘ಗಾಡಿ ಆಯಿಲ್ ಕುಡಿಯುತ್ತಿದೆ’. ಅದಕ್ಕೆ ದೊರೆಯುವ ಸಿದ್ಧ ಸಲಹೆಯೂ ಒಂದೇ: ‘ದಪ್ಪ ಆಯಿಲ್ ಹಾಕಿ’. ಈ ಸಲಹೆಯಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೆ ಅದನ್ನೇ ಪೂರ್ಣ ಸತ್ಯವೆಂದು ನಂಬಿದವರು ಎಂಜಿನ್ನನ್ನೇ ಕಳೆದುಕೊಳ್ಳುವ ಅಪಾಯವಿದೆ.

ಈ ಪ್ರಶ್ನೆಗೆ ಈಗ ಹೆಚ್ಚಿನ ಮಹತ್ವ ಬಂದಿರುವುದಕ್ಕೆ ಕಾರಣವಿದೆ. 15 ವರ್ಷ ತುಂಬಿದ ಖಾಸಗಿ ಕಾರುಗಳ ನೋಂದಣಿ ನವೀಕರಣ ಶುಲ್ಕವನ್ನು ಕೇಂದ್ರ ಸರ್ಕಾರ 2022ರ ಏಪ್ರಿಲ್ 1ರಿಂದ 5,000 ರೂಪಾಯಿಗೆ ಏರಿಸಿತು. 2025ರ ಆಗಸ್ಟ್‌ನಲ್ಲಿ, 20 ವರ್ಷ ಮೀರಿದ ಲಘು ಮೋಟಾರು ವಾಹನಗಳಿಗೆ ಈ ಶುಲ್ಕ 10,000 ರೂಪಾಯಿಯಾಯಿತು. ಎಂಟು ವರ್ಷ ದಾಟಿದ ಬಾಡಿಗೆ ವಾಹನಗಳು ಪ್ರತಿವರ್ಷ ಎಫ್‌ಸಿ ಮಾಡಿಸಬೇಕು. ಹಳೆಯ ವಾಹನವನ್ನು ಇಟ್ಟುಕೊಳ್ಳುವುದೇ ದುಬಾರಿಯಾಗುತ್ತಿರುವಾಗ, ಎಂಜಿನ್ ಇನ್ನೆಷ್ಟು ದಿನ ಬಾಳುತ್ತದೆ ಎಂಬುದು ಒಂದು ಕುಟುಂಬದ ಜೀವನೋಪಾಯದ ಪ್ರಶ್ನೆಯೂ ಆಗಬಲ್ಲದು.

ಧೂಳಿನ ಪಾತ್ರ

ಎಂಜಿನ್ ಆಯಿಲ್ ಸುಟ್ಟುಹೋಗಲು ಮುಖ್ಯ ದಾರಿಗಳು ಎರಡು. ಸವೆದ ಅಥವಾ ಮಸಿಯಿಂದ ಅಂಟಿಕೊಂಡ ಪಿಸ್ಟನ್ ರಿಂಗ್‌ಗಳನ್ನು ದಾಟಿ ಅದು ಕೆಳಗಿನಿಂದ ಸಿಲಿಂಡರಿನೊಳಗೆ ಸೇರುತ್ತದೆ. ಇಲ್ಲವೇ ಬಿಸಿಗೆ ಗಡುಸಾದ ವಾಲ್ವ್ ಸೀಲ್‌ಗಳ ಮೂಲಕ ಮೇಲಿನಿಂದ ಇಳಿಯುತ್ತದೆ. ಮೊದಲನೆಯದಕ್ಕೆ ಈ ಭಾಗದ ಮಣ್ಣೂ ಕಾರಣವಾಗಬಲ್ಲದು. ಸಂಡೂರು ಬೆಟ್ಟಸಾಲಿನ ಅದಿರು ಹೆಮಟೈಟ್. ಅದರೊಂದಿಗೆ ಪದರು ಪದರಾಗಿ ಸಿಲಿಕಾ ಬೆರೆತ ಕಲ್ಲೂ ಇದೆ. ಹೆಮಟೈಟ್‌ನ ನುಣ್ಣನೆಯ ಪುಡಿ ಲೋಹಗಳಿಗೆ ಹೊಳಪು ಕೊಡಲು ಬಳಕೆಯಾಗುವ ವಸ್ತು. ಸಿಲಿಕಾ ಅದಕ್ಕಿಂತಲೂ ಗಟ್ಟಿ. ಅದಿರು ಲಾರಿಗಳು ಎಬ್ಬಿಸುವ ಕೆಂಪು ಧೂಳು ಹರಿದ ಅಥವಾ ಸರಿಯಾಗಿ ಕೂರದ ಏರ್ ಫಿಲ್ಟರಿನ ಮೂಲಕ ಒಳಹೊಕ್ಕರೆ, ಸಿಲಿಂಡರಿನ ಗೋಡೆಯನ್ನೂ ರಿಂಗ್‌ಗಳನ್ನೂ ಉಜ್ಜಿ ಸವೆಸುತ್ತದೆ. ಎಷ್ಟೇ ಬೆಲೆಯ ಆಯಿಲ್ ಸುರಿದರೂ ಸವೆದ ಲೋಹ ಮರಳಿ ಬರುವುದಿಲ್ಲ.

ಆದುದರಿಂದ ಆಯಿಲ್ ಬದಲಿಸುವ ಮುನ್ನ ದೋಷ ಎಲ್ಲಿದೆ ಎಂದು ಅರಿಯುವುದು ಅಗತ್ಯ. ಕಾರಿನಡಿ ಹನಿ ಬಿದ್ದಿದ್ದರೆ ಅದು ಸೋರಿಕೆಯೇ ಹೊರತು ಸುಡುವಿಕೆಯಲ್ಲ. ರಾತ್ರಿಯಿಡೀ ನಿಂತ ಕಾರನ್ನು ಬೆಳಿಗ್ಗೆ ಚಾಲೂ ಮಾಡಿದಾಗ ನೀಲಿ ಹೊಗೆ ಬಂದು ಸ್ವಲ್ಪ ಹೊತ್ತಿನಲ್ಲಿ ನಿಂತುಹೋದರೆ, ಅಥವಾ ಇಳಿಜಾರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಮತ್ತೆ ಒತ್ತಿದಾಗ ಕಾಣಿಸಿಕೊಂಡರೆ ಶಂಕೆ ವಾಲ್ವ್ ಸೀಲ್‌ಗಳ ಮೇಲೆ. ಏರು ಹತ್ತುವಾಗ, ಭಾರ ಎಳೆಯುವಾಗ ಒಂದೇ ಸಮನೆ ನೀಲಿ ಹೊಗೆ ಉಗುಳಿದರೆ ರಿಂಗ್‌ಗಳ ಮೇಲೆ. ಪೆಟ್ರೋಲ್ ಎಂಜಿನ್ನಾದರೆ ಕಂಪ್ರೆಷನ್ ಪರೀಕ್ಷೆ ಇದನ್ನು ಖಚಿತಪಡಿಸುತ್ತದೆ. ಒತ್ತಡ ಕಡಿಮೆಯಿರುವ ಸಿಲಿಂಡರಿಗೆ ಒಂದು ಚಮಚದಷ್ಟು ಆಯಿಲ್ ಬಿಟ್ಟು ಮತ್ತೆ ಅಳೆದಾಗ ಒತ್ತಡ ಏರಿದರೆ ದೋಷ ರಿಂಗ್‌ನದು. ಅನೇಕ ಕಾರುಗಳಲ್ಲಿ ಎಂಜಿನ್ ಇಳಿಸದೆಯೇ ವಾಲ್ವ್ ಸೀಲ್ ಬದಲಿಸಬಹುದು. ಬೋರಿಂಗ್‌ಗೆ ತಗಲುವ ಖರ್ಚಿಗೆ ಹೋಲಿಸಿದರೆ ಇದು ಅಲ್ಪ. ಎಂಜಿನ್ನಿನ ಆವಿಯನ್ನು ಹೊರಬಿಡುವ ಪಿಸಿವಿ ವಾಲ್ವ್ ಕಟ್ಟಿಕೊಂಡರೂ ಆಯಿಲ್ ಖರ್ಚು ಏರುತ್ತದೆ. ಅದನ್ನು ಮೊದಲು ಪರೀಕ್ಷಿಸುವುದು ಜಾಣತನ.

ಅಂಕಿಗಳ ಅರ್ಥ

ಡಬ್ಬದ ಮೇಲಿನ 10ಡಬ್ಲ್ಯು-30, 20ಡಬ್ಲ್ಯು-50 ಮುಂತಾದ ಬರಹದಲ್ಲಿ ಮೊದಲ ಅಂಕಿ ಚಳಿಯಲ್ಲಿನ ಹರಿವಿಗೆ, ಎರಡನೆಯದು ಬಿಸಿ ಎಂಜಿನ್ನಿನಲ್ಲಿ ಉಳಿಯುವ ಸಾಂದ್ರತೆಗೆ ಸಂಬಂಧಿಸಿದೆ. 20ಡಬ್ಲ್ಯು ದರ್ಜೆಯನ್ನು ಚಳಿಯ ಚಾಲನಾ ಪರೀಕ್ಷೆಗೆ ಒಡ್ಡುವುದು ಶೂನ್ಯಕ್ಕಿಂತ 15 ಡಿಗ್ರಿ ಸೆಲ್ಸಿಯಸ್ ಕೆಳಗೆ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಳ್ಳಾರಿ, ಹೊಸಪೇಟೆ ಸೀಮೆಯ ಚಳಿಗಾಲಕ್ಕೂ ಅಂತಹ ಶೀತಕ್ಕೂ ಸಂಬಂಧವಿಲ್ಲ. ಇಲ್ಲಿ ಹೆಚ್ಚು ಮುಖ್ಯವಾಗುವುದು ಎರಡನೆಯ ಅಂಕಿ. 100 ಡಿಗ್ರಿ ತಾಪದಲ್ಲಿ 40ರ ದರ್ಜೆಯ ಆಯಿಲ್‌ನ ಸಾಂದ್ರತೆ 12.5ರಿಂದ 16.3 ಸೆಂಟಿಸ್ಟೋಕ್ಸ್, 50ರ ದರ್ಜೆಯದು 16.3ರಿಂದ 21.9. ಸವೆದ ಎಂಜಿನ್ನಿನ ಸಂದುಗಳಲ್ಲಿ ಎರಡನೆಯದು ನಿಧಾನವಾಗಿ ನುಸುಳುತ್ತದೆ. ‘ದಪ್ಪ ಆಯಿಲ್’ ಸಲಹೆಯಲ್ಲಿರುವ ಸತ್ಯಾಂಶ ಇಷ್ಟೇ.

ಆದರೆ ಒಂದು ಮೆಟ್ಟಿಲಿಗಿಂತ ಹೆಚ್ಚು ಏರುವುದು ಹಿತವಲ್ಲ. 20ಡಬ್ಲ್ಯು-40 ಬಳಸುತ್ತಿದ್ದ ಅಂಬಾಸಡರ್ ಕಾಲದ ಸರಳ ಎಂಜಿನ್ 20ಡಬ್ಲ್ಯು-50ಕ್ಕೆ ಒಗ್ಗಿಕೊಳ್ಳಬಹುದು. 5ಡಬ್ಲ್ಯು-30 ಕೇಳುವ ಈಚಿನ ಕಾರಿಗೆ ಅದನ್ನೇ ಸುರಿದರೆ ಕಿರಿದಾದ ಆಯಿಲ್ ಮಾರ್ಗಗಳಲ್ಲಿ ಹರಿವು ತಡವಾಗುತ್ತದೆ, ಮೈಲೇಜ್ ಕುಸಿಯುತ್ತದೆ, ವಾಲ್ವ್ ಸಮಯ ಬದಲಿಸುವ ವ್ಯವಸ್ಥೆ ಮತ್ತು ಟರ್ಬೋ ತೊಂದರೆಗೆ ಸಿಲುಕುತ್ತವೆ. ಅಂತಹ ಕಾರಿಗೆ ಕೈಪಿಡಿ ಅನುಮತಿಸಿದ ಪಟ್ಟಿಯೊಳಗೇ 5ಡಬ್ಲ್ಯು-40 ಅಥವಾ 10ಡಬ್ಲ್ಯು-40 ಇದೆಯೇ ಎಂದು ನೋಡಬೇಕು. 2020ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಬಿಎಸ್-6 ನಿಯಮದ ಡೀಸೆಲ್ ಕಾರುಗಳ ವಿಷಯದಲ್ಲಂತೂ ಕಡಿಮೆ ಬೂದಿಯ ಆಯಿಲ್ ಕಡ್ಡಾಯವೆಂದೇ ಭಾವಿಸಬೇಕು. ಇಲ್ಲವಾದರೆ ಮಸಿ ಹಿಡಿಯುವ ಫಿಲ್ಟರ್ ಕಟ್ಟಿಕೊಳ್ಳುತ್ತದೆ.

‘ಹೈ ಮೈಲೇಜ್’ ಹೆಸರಿನ ಆಯಿಲ್‌ಗಳು 2000ದಲ್ಲಿ ಅಮೆರಿಕದ ಮಾರುಕಟ್ಟೆಗೆ ಬಂದವು. ಗಡುಸಾದ ರಬ್ಬರ್ ಸೀಲ್‌ಗಳನ್ನು ಮೃದುಗೊಳಿಸುವ ಅಂಶ ಅವುಗಳಲ್ಲಿರುತ್ತದೆ. ವಾಲ್ವ್ ಸೀಲ್ ದೋಷಕ್ಕೆ ಅವು ತುಸು ನೆರವಾಗಬಹುದು. ಸವೆದ ರಿಂಗ್‌ಗೆ ನಿರುಪಯುಕ್ತ. ಸಿಂಥೆಟಿಕ್ ಆಯಿಲ್ ಬಿಸಿಗೆ ಕಡಿಮೆ ಆವಿಯಾಗುತ್ತದೆಂಬುದು ನಿಜ. ಆದರೆ ರಿಂಗ್ ಸವೆದ ಸರಳ ಎಂಜಿನ್ನಿಗೆ ಅದನ್ನು ಸುರಿಯುವುದು ಹಣ ಸುಟ್ಟಂತೆಯೇ ಸರಿ. ಮಸಿಯಿಂದ ರಿಂಗ್ ಅಂಟಿಕೊಂಡಿದ್ದರೆ, ಉತ್ತಮ ದರ್ಜೆಯ ಆಯಿಲನ್ನು ನಿಗದಿತ ಅವಧಿಗಿಂತ ಬೇಗ ಬದಲಿಸುತ್ತ ಬಂದಾಗ ಕ್ರಮೇಣ ಸುಧಾರಣೆ ಕಾಣಬಹುದು. ‘ಹೊಗೆ ನಿಲ್ಲಿಸುವ’ ದ್ರವಗಳು ಬಹುಪಾಲು ಆಯಿಲನ್ನು ದಪ್ಪಗೊಳಿಸಿ ಲಕ್ಷಣವನ್ನು ಮರೆಮಾಡುತ್ತವೆ.

ಲೆಕ್ಕಾಚಾರ

ಇಷ್ಟೆಲ್ಲದರ ನಡುವೆ ಮರೆತುಹೋಗುವ ಸಂಗತಿ ಡಿಪ್‌ಸ್ಟಿಕ್. ಆಯಿಲ್ ಕುಡಿಯುವ ಎಂಜಿನ್ ಸಾಯುವುದು ಬಹುತೇಕ ಆಯಿಲ್‌ನ ದರ್ಜೆಯಿಂದಲ್ಲ, ಆಯಿಲ್ ಇಲ್ಲದ್ದರಿಂದ. ಮೂರೂವರೆ ಲೀಟರ್ ಹಿಡಿಯುವ ಎಂಜಿನ್ 2,000 ಕಿಲೋಮೀಟರಿಗೆ ಒಂದು ಲೀಟರ್ ಸುಡುತ್ತಿದೆ ಎನ್ನೋಣ. ‘ಹತ್ತು ಸಾವಿರಕ್ಕೆ ಸರ್ವೀಸ್’ ಎಂದು ನಂಬಿ ಬಾನೆಟ್ ತೆರೆಯದ ಮಾಲೀಕನ ಎಂಜಿನ್ 7,000 ಕಿಲೋಮೀಟರ್ ತಲುಪುವ ಮೊದಲೇ ಬರಿದಾಗುತ್ತದೆ. ಎಚ್ಚರಿಕೆಯ ಕೆಂಪು ದೀಪ ಹೊತ್ತುವುದು ಆಯಿಲ್ ಒತ್ತಡ ಕುಸಿದ ಮೇಲೆ. ಆಗ ಬೇರಿಂಗ್‌ಗಳಿಗೆ ಹಾನಿ ತಗಲಿರಬಹುದು. ಸಮತಟ್ಟಾದ ನೆಲದಲ್ಲಿ, ಎಂಜಿನ್ ತಣಿದಿರುವಾಗ ವಾರಕ್ಕೊಮ್ಮೆ ಅಳೆದು, ಕಿಲೋಮೀಟರ್ ಸಮೇತ ಬರೆದಿಡುವುದಕ್ಕಿಂತ ಅಗ್ಗದ ರಕ್ಷಣೆ ಇನ್ನೊಂದಿಲ್ಲ.

ಇದೇ ಕಾರು ವರ್ಷಕ್ಕೆ 20,000 ಕಿಲೋಮೀಟರ್ ಓಡಿದರೆ ಬೇಕಾಗುವ ಹೆಚ್ಚುವರಿ ಆಯಿಲ್ ಹತ್ತು ಲೀಟರ್. ಲೀಟರಿಗೆ 400 ರೂಪಾಯಿ ಎಂದಿಟ್ಟುಕೊಂಡರೂ ನಾಲ್ಕು ಸಾವಿರ. ಎಂಜಿನ್ ಇಳಿಸುವ ಖರ್ಚಿನ ಮುಂದೆ ಇದು ಸಹನೀಯ. ಆದರೆ 500 ಕಿಲೋಮೀಟರಿಗೇ ಒಂದು ಲೀಟರ್ ಬೇಕಾದಾಗ ಆ ಮೊತ್ತ ಹದಿನಾರು ಸಾವಿರಕ್ಕೆ ಏರುತ್ತದೆ. ಅನೇಕ ತಯಾರಕರು ಸಹ್ಯವೆನ್ನುವ ಮಿತಿ ಸಾವಿರ ಕಿಲೋಮೀಟರಿಗೆ ಒಂದು ಲೀಟರ್. ಅದನ್ನು ದಾಟಿದ ಬಳಿಕ ದುರಸ್ತಿಯೋ ಗುಜರಿಯೋ ಎಂಬ ನಿರ್ಧಾರವನ್ನು ಮುಂದೂಡುವುದರಲ್ಲಿ ಲಾಭವಿಲ್ಲ.

ನಷ್ಟ ಮಾಲೀಕನೊಬ್ಬನದೇ ಅಲ್ಲ. ಸುಟ್ಟ ಆಯಿಲ್‌ನಲ್ಲಿರುವ ರಂಜಕ ಕೆಟಲಿಟಿಕ್ ಕನ್ವರ್ಟರನ್ನು ಮೆಲ್ಲನೆ ನಿಷ್ಕ್ರಿಯಗೊಳಿಸುತ್ತದೆ. ಪೆಟ್ರೋಲ್ ಕಾರುಗಳ ಎಮಿಷನ್ ಟೆಸ್ಟ್ ಅಳೆಯುವುದು ಕಾರ್ಬನ್ ಮೊನಾಕ್ಸೈಡ್ ಮತ್ತು ಹೈಡ್ರೋಕಾರ್ಬನ್‌ಗಳನ್ನು. ಆಯಿಲ್ ಹೊಗೆಯ ಸೂಕ್ಷ್ಮ ಕಣಗಳು ಅದರ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಪ್ರಮಾಣಪತ್ರ ಕೈಯಲ್ಲಿದೆ ಎಂದ ಮಾತ್ರಕ್ಕೆ ಎಂಜಿನ್ ಆರೋಗ್ಯವಾಗಿದೆ ಎಂದರ್ಥವಲ್ಲ. 1994ರಲ್ಲಿ ಘೋಷಣೆಯಾಗಿ 2009ರಲ್ಲಿ ವಿಸ್ತಾರಗೊಂಡ ದರೋಜಿ ಕರಡಿಧಾಮದ ಅಂಚಿನವರೆಗೂ ಆ ಹೊಗೆ ಸಾಗುತ್ತದೆ. ಬದಲಿಸಿ ತೆಗೆದ ಹಳೆಯ ಆಯಿಲ್ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಅದನ್ನು ಚರಂಡಿಗೆ ಚೆಲ್ಲುವುದು ಎಷ್ಟು ತಪ್ಪೋ, ಸೋಸಿದ ಹಳೆಯ ಆಯಿಲನ್ನು ಅಗ್ಗಕ್ಕೆ ಸಿಕ್ಕಿತೆಂದು ಮತ್ತೆ ಎಂಜಿನ್ನಿಗೆ ಸುರಿಯುವುದೂ ಅಷ್ಟೇ ತಪ್ಪು.

ಹಳೆಯ ಕಾರನ್ನು ಉಳಿಸಿಕೊಳ್ಳಬಯಸುವವರು ಅನುಸರಿಸಬೇಕಾದ ಕ್ರಮ ಸ್ಪಷ್ಟ. ಮೊದಲು ಏರ್ ಫಿಲ್ಟರ್, ನಂತರ ಡಿಪ್‌ಸ್ಟಿಕ್, ಆಮೇಲೆ ರೋಗಪತ್ತೆ. ಆಯಿಲ್ ದರ್ಜೆ ಬದಲಿಸುವ ಮಾತು ಕೊನೆಯದು. ಈ ಕ್ರಮವನ್ನು ತಲೆಕೆಳಗು ಮಾಡಿ ಅಂಗಡಿಯಲ್ಲಿ ದಪ್ಪ ಆಯಿಲ್ ಕೇಳುವವರೆಗೆ, ನೀಲಿ ಹೊಗೆಯೊಂದಿಗೆ ಬಾಡಿಗೆಯ ಗಳಿಕೆಯೂ ಸುಟ್ಟುಹೋಗುತ್ತಲೇ ಇರುತ್ತದೆ.