ಡಜನ್ನಿನ ಮೇಲೊಂದು ಕೊಸರು



ನಮ್ಮ ಕಾಸರಗೋಡಿನ ಪೇಟೆಯಲ್ಲಿ ವ್ಯಾಪಾರ ಕನ್ನಡದಲ್ಲಿ ನಡೆಯಲಿ, ತುಳು, ಕೊಂಕಣಿ, ಮಲಯಾಳದಲ್ಲಿ ನಡೆಯಲಿ, ‘ಒಂದು ಡಜನ್ ಮೊಟ್ಟೆ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ಇಷ್ಟು ನಮ್ಮದಾಗಿರುವ ಈ ಪದ ಎಲ್ಲಿಂದ ಬಂತು?

ಇಂಗ್ಲಿಷಿಗೆ ಅದು ಬಂದದ್ದು ಹಳೆಯ ಫ್ರೆಂಚಿನಿಂದ. ಅದರ ಬೇರು ಲ್ಯಾಟಿನ್ನಿನ ‘ದುವೊದೆಕಿಮ್’, ಅಂದರೆ ಎರಡು ಮತ್ತು ಹತ್ತು. ನಮ್ಮ ‘ಹನ್ನೆರಡು’ ಕೂಡ ಹತ್ತು ಮತ್ತು ಎರಡು ಸೇರಿ ಆದದ್ದೇ. ಹನ್ನೆರಡನ್ನು ಇಬ್ಬರಿಗೆ, ಮೂವರಿಗೆ, ನಾಲ್ವರಿಗೆ, ಆರು ಮಂದಿಗೆ ಸಮನಾಗಿ ಹಂಚಬಹುದು. ಹತ್ತಕ್ಕೆ ಈ ಅನುಕೂಲವಿಲ್ಲ. 1971ರವರೆಗೆ ಬ್ರಿಟನ್ನಿನ ಒಂದು ಶಿಲ್ಲಿಂಗಿಗೆ 12 ಪೆನ್ನಿ ಇತ್ತು. ನಮ್ಮ ಹಿರಿಯರ ಕಾಲದ ಒಂದು ಆಣೆಗೂ 12 ಪೈ. ಹನ್ನೆರಡು ಡಜನ್ ಸೇರಿದರೆ ಒಂದು ಗ್ರೋಸ್, ಅಂದರೆ 144.

ಆದರೂ ಯೇಸುವಿನ ಹನ್ನೆರಡು ಶಿಷ್ಯರನ್ನು ನಾವು ‘ಒಂದು ಡಜನ್ ಶಿಷ್ಯರು’ ಎನ್ನುವುದಿಲ್ಲ. ನಮ್ಮ ಮಾತಿನಲ್ಲಿ ಡಜನ್ ಕೊಳ್ಳುವ, ಮಾರುವ ವಸ್ತುಗಳ ಲೆಕ್ಕ.

ಈ ಲೆಕ್ಕಕ್ಕೆ ಇಂಗ್ಲಿಷಿನಲ್ಲಿ ಒಂದು ಅಪವಾದವಿದೆ. ‘ಬೇಕರ್ಸ್ ಡಜನ್’ ಎಂದರೆ ಹನ್ನೆರಡಲ್ಲ, ಹದಿಮೂರು. ಹದಿಮೂರನೇ ಶತಮಾನದ ಇಂಗ್ಲೆಂಡಿನಲ್ಲಿ ರೊಟ್ಟಿಯ ತೂಕಕ್ಕೆ ಕಾನೂನಿತ್ತು. ತೂಕ ಕಡಿಮೆಯಾದರೆ ಶಿಕ್ಷೆಯಾಗುತ್ತಿತ್ತು. ಆ ಭಯದಿಂದ ರೊಟ್ಟಿ ಸುಡುವವರು ಡಜನ್ನಿಗೆ ಒಂದು ಹೆಚ್ಚು ಕೊಡುತ್ತಿದ್ದರು ಎನ್ನುತ್ತಾರೆ. ಇನ್ನೊಂದು ವಿವರಣೆಯೂ ಇದೆ: ರೊಟ್ಟಿ ಕೊಂಡು ಬೀದಿಯಲ್ಲಿ ಮಾರುವವರಿಗೆ ಆ ಹದಿಮೂರನೆಯದೇ ಲಾಭ.

ನಮ್ಮಲ್ಲಿ ಇದಕ್ಕೆ ‘ಕೊಸರು’ ಎನ್ನುತ್ತೇವೆ. ಅಳತೆ ಮುಗಿದ ಮೇಲೆ ಮಾರುವವರು ಸಂತೋಷದಿಂದ ಹಾಕುವ ಒಂದು ಹಿಡಿ ಸೊಪ್ಪು, ಒಂದು ಹಣ್ಣು. ಇದಕ್ಕೆ ಕಾನೂನಿನ ಭಯವಿಲ್ಲ, ಬಿಲ್ಲಿನಲ್ಲಿ ಜಾಗವೂ ಇಲ್ಲ.

ಇಲ್ಲಿ ನಮಗೊಂದು ಪ್ರಶ್ನೆ ಏಳುತ್ತದೆ. ಸೂಪರ್ ಮಾರ್ಕೆಟಿನಲ್ಲಿ ಅಚ್ಚಾದ ಬೆಲೆಯನ್ನು ಯಾರೂ ಪ್ರಶ್ನಿಸುವುದಿಲ್ಲ. ಬಿಸಿಲಲ್ಲಿ ಕುಳಿತು ಬಾಳೆಹಣ್ಣು ಮಾರುವ ಅಜ್ಜಿಯ ಬಳಿ ಮಾತ್ರ ಬೆಲೆ ಇಳಿಸಿ, ಮೇಲೆ ಎರಡು ಹಣ್ಣೂ ಬೇಕು! ಕೇಳಿ ಕಿತ್ತುಕೊಂಡದ್ದು ಕೊಸರಲ್ಲ. ಅದು ಅವರ ಮನೆಯ ಸಂಜೆಯ ಅಕ್ಕಿಯಿಂದ ಹೋಗುವ ಪಾಲು.

ಕೊಸರು ಕೊಳ್ಳುವವರ ಕಡೆಯಿಂದಲೂ ಹೋಗಬಹುದು ಎಂಬುದು ನಮ್ಮ ಅಭಿಪ್ರಾಯ. ಎರಡು ರೂಪಾಯಿ ಚಿಲ್ಲರೆ ಇಲ್ಲವೆಂದರೆ ‘ಇರಲಿ ಅಜ್ಜಿ’ ಎನ್ನೋಣ. ಮುಂದಿನ ಚರ್ಚ್ ಹಬ್ಬಕ್ಕೆ ನಮ್ಮ ಯುವಜನರು ತಿಂಡಿಯ ಸ್ಟಾಲ್ ಹಾಕಿದಾಗ, ಡಜನ್ ಕೊಂಡ ಮನೆಗೆ ಹದಿಮೂರು ಕಟ್ಟಿಕೊಡೋಣ. ಹನ್ನೆರಡು ಕೊಟ್ಟರೆ ಲೆಕ್ಕ ಸರಿಯಾಯಿತು. ಮನಸ್ಸು ಕಾಣುವುದು ಹದಿಮೂರನೆಯದರಲ್ಲಿ.