ಒಂದು ಸಾಲಿನ ಕೆಲಸವಂತೆ!

ಸ್ಟ್ಯಾಟಿಕ್ ಫೋಲ್ಡರ್ ತೆರೆದಿಡುವುದು ಒಂದೇ ಸಾಲಿನ ಕೆಲಸ, ಜ್ಯಾಂಗೋ ಸುಮ್ಮನೆ ಮಡಿ ಮಾಡುತ್ತದೆ ಎಂಬ ಕಳೆದ ಸಂಚಿಕೆಯ ವಾದ ಓದಿದೆ. ಡೀಬಗ್ ಆಫ್ ಮಾಡಿದೊಡನೆ ಸಿಎಸ್‌ಎಸ್ ಮಾಯವಾಗುತ್ತದೆಂದು ಲೇಖಕರಿಗೆ ಸಿಟ್ಟು. ಜ್ಯಾಂಗೋ ತಾನೇ ಸ್ಟ್ಯಾಟಿಕ್ ಫೈಲು ಒದಗಿಸುವ ಸೌಲಭ್ಯ ಇರುವುದೇ ಡೆವಲಪರ್‌ನ ಲ್ಯಾಪ್‌ಟಾಪಿಗೆ ಸ್ವಾಮಿ. ಅದು ತೀರಾ ನಿಧಾನ, ಬಹುಶಃ ಅಸುರಕ್ಷಿತ ಎಂದು ಜ್ಯಾಂಗೋ ಕೈಪಿಡಿಯೇ ಮುಚ್ಚುಮರೆಯಿಲ್ಲದೆ ಹೇಳಿದೆ.

ಇನ್ನು ಎಂಜಿನ್‌ಎಕ್ಸ್‌ನ ಆ 'ಒಂದು ಸಾಲು'. ಅವರು ಕೊಟ್ಟ ಮಾದರಿಯಲ್ಲಿ ಲೊಕೇಶನ್‌ನ ಕೊನೆಗೆ ಓರೆಗೆರೆ ಇಲ್ಲ, ಏಲಿಯಾಸ್‌ನ ಕೊನೆಗೆ ಇದೆ. ಇಷ್ಟೇ ಸಾಕು. ವಿಳಾಸದಲ್ಲಿ ಸ್ಟ್ಯಾಟಿಕ್ ಎಂಬುದಕ್ಕೆ ಅಂಟಿಸಿ ಎರಡು ಚುಕ್ಕಿ, ಒಂದು ಓರೆಗೆರೆ, ಆಮೇಲೆ ಹೊರಗಿನ ಫೈಲಿನ ಹೆಸರು ಟೈಪಿಸಿ ನೋಡಿ: ಸರ್ವರ್ ಒಂದು ಮೆಟ್ಟಿಲು ಮೇಲೆ ಹತ್ತಿ ಸೆಟ್ಟಿಂಗ್ಸ್ ಫೈಲನ್ನೇ, ಅದರಲ್ಲಿ ಡೇಟಾಬೇಸ್ ಪಾಸ್‌ವರ್ಡ್ ಇದ್ದರೆ ಅದರ ಸಮೇತ, ಕೈಗಿಡುತ್ತದೆ.

ಹೊಸಬರಷ್ಟೇ ಎಡವುತ್ತಾರೆ ಅನ್ನಬೇಡಿ. 2021ರಲ್ಲಿ ಅಪಾಚೆ 2.4.49 ಎಡವಿದ್ದೂ ಇಲ್ಲೇ. ಚುಕ್ಕಿಯನ್ನು ಶೇಕಡಾ ಚಿಹ್ನೆಯ ಸಂಕೇತದಲ್ಲಿ ಬರೆದರೆ ಅದಕ್ಕೆ ಗುರುತೇ ಸಿಗಲಿಲ್ಲ. ಸರಿಪಡಿಸಿದ 2.4.50 ಕೂಡ ಸೋರಿತು, ಕೆಲವೇ ದಿನಗಳಲ್ಲಿ 2.4.51 ಬಿಡಬೇಕಾಯಿತು.

ಸಣ್ಣ ತಾಣಕ್ಕೆ ಎಂಜಿನ್‌ಎಕ್ಸ್ ಹೊರೆ ಎನ್ನುವುದನ್ನು ಒಪ್ಪುತ್ತೇನೆ. ಅದಕ್ಕೆ ವೈಟ್‌ನಾಯ್ಸ್ ಇದೆಯಲ್ಲ! ಆ್ಯಪ್ ಏಳುವಾಗಲೇ ಫೋಲ್ಡರಿನ ಫೈಲುಗಳನ್ನು ಪಟ್ಟಿ ಮಾಡಿಕೊಳ್ಳುತ್ತದೆ, ಪಟ್ಟಿಯಲ್ಲಿಲ್ಲದ್ದನ್ನು ಕೊಡುವುದಿಲ್ಲ. ಆದರೆ ಬಳಕೆದಾರರ ಅಪ್‌ಲೋಡ್‌ಗಳನ್ನೂ ಅದೇ ಫೋಲ್ಡರಿಗೆ ಸುರಿಯಿರಿ ಎಂಬ ಸಲಹೆ? ಯಾರೋ ಹಾಕಿದ ಎಚ್‌ಟಿಎಂಎಲ್ ಫೈಲು ನಿಮ್ಮದೇ ಡೊಮೇನ್‌ನಲ್ಲಿ ಸ್ಕ್ರಿಪ್ಟ್ ಓಡಿಸುತ್ತದೆ. ಅದೊಂದನ್ನು ಮುಂದಿನ ಸಂಚಿಕೆಯಲ್ಲೇ ಹಿಂತೆಗೆದುಕೊಳ್ಳಿ.